ಒಣಗಲಿಟ್ಟ ನೀಲಿ

ಯುಗಾದಿಯೊಳಗೆ ಮನೆ ಬಿಡಬೇಕು.
ತಿಲಕ್‌ನಗರದ ಈ ಮಹಡಿಯಲ್ಲಿ
ಹತ್ತೊಂಬತ್ತು ವರ್ಷದ ಬಣ್ಣ:
ಕತ್ತು ಹಿಸುಕಿಸಿಕೊಂಡ ಟ್ಯೂಬುಗಳು, ಕೆನೆಗಟ್ಟಿದ ಡಬ್ಬಿಗಳು,
ಹಾರ್ಲಿಕ್ಸ್ ಬಾಟಲಿಯಲ್ಲಿ ಕುಂಚ ತೊಳೆದ ನೀರು,
ಯಾವ ಚಿತ್ರದ್ದೆಂದು ನೆನಪಿಲ್ಲ.

ಮೊದಲಾದರೆ ಸಿಂಕಿಗೆ ಸುರಿದು, ನಲ್ಲಿ ತಿರುಗಿಸಿ
ಪಿಂಗಾಣಿ ಮತ್ತೆ ಬೆಳ್ಳಗಾದ ಮೇಲೆ
ಕೈ ಒರೆಸಿಕೊಳ್ಳುತ್ತಿದ್ದೆ.
ಕಣ್ಣಿಗೆ ಕಾಣದ್ದು ಇಲ್ಲವೆಂದೇ ಲೆಕ್ಕ.
ಕೊಳವೆಗೆ ಗೊತ್ತಿತ್ತು. ಅದು ಕೆಸರೆಯ ಕಡೆ ಇಳಿಯಿತು,
ಅಲ್ಲಿಂದ ಹೊಳೆಯ ಕಡೆ.
ಹೊಳೆಯ ಮೇಲಿನ ನೀರು ನನ್ನ ನಲ್ಲಿಗೆ,
ನಾನು ಬಿಟ್ಟದ್ದು
ಸೋಸಲೆಯಲ್ಲಿ ಯಾರೋ ಬಟ್ಟೆ ಒಗೆಯುವ ಕಲ್ಲಿಗೆ.

ಒಂದು ಮಂಗಳವಾರ
ಮುಚ್ಚಳ ಸಡಿಲವಾಗಿದ್ದ ಪ್ರಷ್ಯನ್ ನೀಲಿಯ ಡಬ್ಬಿಯನ್ನು
ಸೊಪ್ಪಿನ ಕಡ್ಡಿ, ಮಾವಿನ ಓಟೆಯ ನಡುವೆ ಹೂತು
ಹಸಿ ಕಸವೆಂದು ಕೊಟ್ಟೆ.
ಚೆನ್ನಾಜಮ್ಮ ಕಸವನ್ನು ಕೈಯಲ್ಲೇ ಬಿಡಿಸುತ್ತಾಳೆ.
ಗ್ಲೌಸು ಕೊಟ್ಟಿದ್ದಾರೆ: ಎಡದ್ದು ಹರಿದಿದೆ,
ಬಲದ್ದು ಯಾರದೋ ಅಳತೆ.

ಬುಧವಾರ ಗೇಟಿನ ಬಳಿ ಎರಡೂ ಕೈ ಎತ್ತಿ ತೋರಿಸಿದಳು.
ಮೊಣಕೈವರೆಗೆ ನೀಲಿ.
"ನಮ್ಮೂರಲ್ಲೇ ಮಾಡೋ ಓಟಿನ ಶಾಯಿ,
ಒಂದು ಬೆರಳಿಗೆ ಹಾಕ್ತಾರೆ ಅಕ್ಕ.
ನೀವು ಹತ್ತಕ್ಕೂ ಹಾಕಿಸಿಬಿಟ್ರಿ.
ಯಾರಿಗೆ ಒತ್ತಿದೆ ಅಂತ ಮಾತ್ರ ಕೇಳಬೇಡಿ."
ನಕ್ಕಳು. ನನಗೆ ನಗು ಬರಲಿಲ್ಲ.
"ಕೊಬ್ಬರಿ ಎಣ್ಣೆ ಹಚ್ಚಿದೆ, ಸರ್ಫಲ್ಲಿ ಉಜ್ಜಿದೆ.
ರಾತ್ರಿ ಮುದ್ದೆ ಮುರಿಯುವಾಗ
ನನ್ನ ಮಗಳೇ ಬೇರೆ ತಟ್ಟೆ ತಗೊಂಡಳು."

ಆ ನೀಲಿ ಹೋಗಲು ಹನ್ನೊಂದು ದಿನ ಹಿಡಿಯಿತು.
ದಿನಾ ಗೇಟಿನ ಬಳಿ
ಅವಳ ಉಗುರಿನ ಬುಡ ನೋಡಿ ಎಣಿಸಿದ್ದೇನೆ.

ಈಗ ತಾರಸಿಯ ಮೇಲೆ ಬಣ್ಣ ಒಣಗುತ್ತಿದೆ,
ಹಳೆಯ ಪೇಪರಿನಲ್ಲಿ, ಸಂಡಿಗೆ ಇಟ್ಟ ಹಾಗೆ.
ಪಕ್ಕದ ಗೋಡೆಯಾಚೆಯಿಂದ ವಿಶಾಲಾಕ್ಷಮ್ಮ:
"ಏನ್ರೀ, ಈ ಸಲ ಅರಳು ಸಂಡಿಗೆಗೆ ಬಣ್ಣ ಜಾಸ್ತಿ ಆಯ್ತಲ್ಲ?"
ಕಾಗೆ ಬಂದು ಮೂಸಿ, ಬೇಡವೆಂದು ಹೋಯಿತು.

ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸದ ಅಕ್ಮಲ್ ಸಾಹೇಬರು
ಒಂದು ಗೋಣಿ ಬೀಟೆಯ ಹೊಟ್ಟು ಕೊಟ್ಟರು, ದುಡ್ಡು ಮುಟ್ಟಲಿಲ್ಲ.
"ಹಲಗೆ ಕೊರೆದು ಆನೆ ಕೂರಿಸ್ತೀವಿ, ಮಿಕ್ಕಿದ್ದು ಇದು.
ನಿಮ್ಮ ಮಿಕ್ಕಿದ್ದನ್ನ ಕುಡೀಲಿ ಬಿಡಿ."
ಕುಡಿಯಿತು.
ಅರ್ಧ ಲೀಟರ್ ಎಲೆಹಸಿರು ಗಟ್ಟಿಯಾಗಿ
ಯಾವ ಗಂಟಲಿಗೂ ಇಳಿಯದ ಮುದ್ದೆಯಾಯಿತು.
ಕೈಗೆ ಅಂಟದು, ಚರಂಡಿಗೆ ಹರಿಯದು.

ಕುಂಚದ ನೀರು ಮೂರು ದಿನ ಅಲುಗದೆ ನಿಂತಿತು:
ಮೇಲೆ ತಿಳಿ, ತಳದಲ್ಲಿ ಬೂದು ಗಸಿ.
ಎಲ್ಲ ಬಣ್ಣವೂ ಕೊನೆಗೆ ಬೂದೇ ಎಂದು
ಪಾಠ ಮಾಡುತ್ತಿದ್ದೆ, ನೋಡಿರಲಿಲ್ಲ.
ಟರ್ಪೆಂಟೈನಿನ ತಿಳಿಯನ್ನು ಬಗ್ಗಿಸಿ ಮತ್ತೆ ಬಾಟಲಿಗೆ ತುಂಬಿದೆ.
ನಾರಗಸೆ ಎಣ್ಣೆ ಒರೆಸಿದ ಬಟ್ಟೆ ಮುದುರಿಡಬಾರದಂತೆ,
ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದಂತೆ.
ಒಂದೊಂದನ್ನೂ ಬಿಡಿಸಿ ಹಗ್ಗಕ್ಕೆ ಹರಡಿದೆ.

ಮಕ್ಕಳ ಕೈಗೆ ಕೊಡಬಹುದಾದ ಜಲವರ್ಣ ಹನ್ನೆರಡು ಉಳಿದಿದ್ದವು.
ಚೆನ್ನಾಜಮ್ಮನ ಮಗಳನ್ನು ಕರೆದು ಕೇಳಿದೆ, ಬೇಕೇನೇ?
ಒಂದೊಂದೇ ಮುಚ್ಚಳ ತೆಗೆದು ನೋಡಿದಳು.
ಹನ್ನೊಂದು ತಗೊಂಡಳು.
ನೀಲಿಯನ್ನು ನನ್ನ ಕಡೆಗೇ ತಳ್ಳಿದಳು.

ಉಳಿದದ್ದು ಕ್ಯಾಡ್ಮಿಯಂ ಹಳದಿ, ಸೀಸದ ಬಿಳಿ,
ಒಣಗಿದರೂ ಸಾಯದಂಥವು.
ಎಲ್ಲಿ ತಗೊಳ್ತಾರೆ ಎಂದು ಫೋನು ಮಾಡಿದರೆ
ನಾಲ್ಕು ಜನ ನಾಲ್ಕು ನಂಬರು ಕೊಟ್ಟರು,
ನಾಲ್ಕನೆಯದು ಮೊದಲಿನದೇ.
ರಟ್ಟಿನ ಡಬ್ಬಕ್ಕೆ ತುಂಬಿ, ಟೇಪು ಸುತ್ತಿ,
ಚಿತ್ರಕ್ಕೆ ಸಹಿ ಹಾಕುವ ಕುಂಚದಲ್ಲೇ
ಮೇಲೆ ಬರೆದೆ: ವಿಷ.
ಅಕ್ಷರ ಚೆನ್ನಾಗಿ ಬಂತು.

ಶನಿವಾರ ಲಗೇಜ್ ಆಟೋ.
ಈಸಲ್ ಹಿಂದೆ, ಹಾಸಿಗೆ ಹಿಂದೆ,
ಡಬ್ಬ ಮಾತ್ರ ನನ್ನ ತೊಡೆಯ ಮೇಲೆ.
"ದೇವರ ಪೆಟ್ಟಿಗೇನಾ ಮೇಡಂ?" ಎಂದ ಡ್ರೈವರ್.
ಅಲ್ಲಪ್ಪ.
ನಿಧಾನ ಹೋಗು, ಮುಂದೆ ಹಂಪಿದೆ.